ಹಿತ್ತಾಳೆ ತಟ್ಟೆಯಲ್ಲಿ ಕೂತ ಗಡಿಯಾರದ ಚಿಪ್

ರೇಷ್ಮೆ ಹುಳುವಿನ ಮೊಟ್ಟೆಗೆ ಬೆಳಕು ಬಿದ್ದಾಗಲೇ ಬೆಳಗು. ಅದಕ್ಕೆ ಕೋಳಿಯೂ ಬೇಡ, ಪಂಚಾಂಗವೂ ಬೇಡ. ಒಡೆಯಲು ಬಂದ ಮೊಟ್ಟೆಗಳನ್ನು ಒಂದೆರಡು ದಿನ ಗಾಢ ಕತ್ತಲಲ್ಲಿಟ್ಟು, ಆಮೇಲೆ ನಸುಕಿನಲ್ಲಿ ತಟ್ಟನೆ ದೀಪ ಹಾಕಿದರೆ, ಒಳಗಿರುವ ಹುಳುಗಳೆಲ್ಲ ಸಭೆ ಕರೆದಂತೆ ಒಟ್ಟಿಗೆ ಹೊರಬರುತ್ತವೆ. ನಡುವೆ ಯಾರಾದರೂ ಬಾಗಿಲು ತೆಗೆದು ಇಣುಕಿದರೆ ಸಭೆ ಕೆಟ್ಟಿತು. ಕೆಲವು ಇವತ್ತು, ಕೆಲವು ನಾಳೆ, ಉಳಿದವು ಮನಸ್ಸು ಬಂದಾಗ.

ಮಳವಳ್ಳಿ ತಾಲ್ಲೂಕಿನಲ್ಲಿ, ಹಲಗೂರಿನಿಂದ ಸ್ವಲ್ಪ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ ನನ್ನ ತಂಗಿ ಚಾಕಿ ಕೇಂದ್ರ ನಡೆಸುತ್ತಾಳೆ. ಚಾಕಿ ಕೇಂದ್ರವೆಂದರೆ ಹುಳುಗಳ ಶಿಶುವಿಹಾರ. ಮೊಟ್ಟೆ ಒಡೆಸಿ, ಎಳೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ತಿನ್ನಿಸಿ, ಎರಡು ಜ್ವರ ದಾಟಿಸಿ ರೈತರ ಕೈಗೆ ಕೊಡುವುದು ಅವಳ ಕೆಲಸ. ಹುಳು ಪೊರೆ ಬಿಡಲೆಂದು ಮೇವು ಬಿಟ್ಟು ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ, ಡಾಕ್ಟರನ್ನು ಕರೆಯಬೇಕಾಗಿಲ್ಲ. ಆದರೆ ಎಲ್ಲ ಹುಳುವಿಗೂ ಒಂದೇ ಸಲ ಜ್ವರ ಬರಬೇಕು. ಅರ್ಧ ಮಲಗಿ ಅರ್ಧ ಮೇವು ಕೇಳುತ್ತಿದ್ದರೆ ಸಾಕುವವನ ಗತಿ ದೇವರಿಗೇ ಪ್ರೀತಿ.

ಕಳೆದ ಸಲ ಹಾಗೇ ಆಗಿತ್ತು. ನಸುಕಿನಲ್ಲಿ ಗಂಡ ಹೆಂಡತಿ ಇಬ್ಬರೂ ಸೊಪ್ಪು ಕೊಯ್ಯಲು ತೋಟದಲ್ಲಿರುತ್ತಾರೆಂದು, ದೀಪ ತಾನಾಗಿ ಹತ್ತಲಿ ಎಂದು ತಂಗಿ ಪೇಟೆಯಿಂದ ಒಂದು ತಿರುಗಣೆ ಟೈಮರ್ ತಂದು ಸಿಕ್ಕಿಸಿದ್ದಳು. ಕರೆಂಟು ಹೋದಾಗಲೆಲ್ಲ ಟೈಮರೂ ನಿಂತು, ಕರೆಂಟು ಬಂದಾಗ ಏನೂ ಆಗದವರಂತೆ ಬಿಟ್ಟ ಕಡೆಯಿಂದ ಮುಂದುವರಿದಿತ್ತು. ದೀಪ ಹತ್ತಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಅಷ್ಟರಲ್ಲಿ ಮನೆಯವರೆಲ್ಲ ಸರದಿಯ ಮೇಲೆ ಟಾರ್ಚು ಹಿಡಿದು ಇಣುಕಿದ್ದರು. ಹುಳುಗಳು ಕಂತಿನಲ್ಲಿ ಹುಟ್ಟಿದವು. ಕೆಲವರು ರೈತರು ಬೇರೆ ಕೇಂದ್ರಕ್ಕೆ ಹೋದರು. ಕೊಕ್ಕರೆ ಬೆಳ್ಳೂರು ಕಡೆಯ ಹಿರಿಯ ರೈತರೊಬ್ಬರು, ಆ ಸುತ್ತಿನಲ್ಲಿ ಅವರು ಹೇಳಿದ ಮಾತಿಗೆ ಬೆಲೆಯುಂಟು, "ಇದೊಂದ್ ಸಲ ನೋಡ್ತೀನಿ ಕಣವ್ವ. ಮೊಟ್ಟೆ ಒಡ್ಯೋ ದಿನ ನಾನೇ ಬತ್ತೀನಿ. ಸರಿ ಇಲ್ದಿದ್ರೆ ಬೇಜಾರು ಮಾಡ್ಕಬ್ಯಾಡ," ಎಂದು ಹೇಳಿ ಹೋಗಿದ್ದರು. ಅವರು ಹೋದರೆ ಹಿಂದೆ ಉಳಿದವರೂ ಹೋಗುತ್ತಾರೆ. ಕೇಂದ್ರಕ್ಕೆ ಬೀಗ ಹಾಕುವುದೊಂದೇ ಬಾಕಿ.

ಇದನ್ನೆಲ್ಲ ತಂಗಿ ಫೋನಿನಲ್ಲಿ ಹೇಳಿದಾಗ ಅಳಲಿಲ್ಲ. ಅವಳು ಅಳುವ ಪೈಕಿಯಲ್ಲ, ಅಳಿಸುವ ಪೈಕಿ.

"ಅಣ್ಣಯ್ಯ, ಅಷ್ಟು ವರ್ಸ ಹುಡುಗ್ರಿಗೆ ಪಾಠ ಹೇಳ್ದಲ್ಲ, ಕರೆಂಟು ಹೋದ್ರೂ ಗಂಟೆ ಮರೀದೇ ಇರೋ ಒಂದ್ ಟೈಮರ್ ಮಾಡಕ್ಕಾಗಕಿಲ್ವಾ ನಿನ್ ಕೈಲಿ?"

"ಮಾಡಬಹುದು ಕಣಮ್ಮಿ. ಅದಕ್ಕೆ ಅಂತಲೇ ಒಂದು ಚಿಪ್ ಬರ್ತದೆ."

"ಬರ್ತದೆ ಅಂದ್ರೆ ತತ್ತಾ. ಹೇಳ್ಕಂಡು ಕೂತ್ಕಬ್ಯಾಡ."

ನಾನು ಪಾಲಿಟೆಕ್ನಿಕ್ಕೊಂದರ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗ ಮಂಡ್ಯದ ನಮ್ಮ ಮನೆಯ ಊಟದ ಮೇಜಿನ ಅರ್ಧವನ್ನು ಒತ್ತುವರಿ ಮಾಡಿಕೊಂಡು ಬೆಸುಗೆ ಹಾಕುತ್ತಿರುತ್ತೇನೆ. ಆ ಒತ್ತುವರಿಯ ವಿರುದ್ಧ ನನ್ನ ಹೆಂಡತಿ ಸಲ್ಲಿಸಿರುವ ತಕರಾರು ಇನ್ನೂ ಇತ್ಯರ್ಥವಾಗಿಲ್ಲ. ತಂಗಿಯ ಫೋನು ಬಂದ ಸಂಜೆಯೇ ಪೇಟೆಗೆ ಹೋಗಿ ಬಿಡಿ ಭಾಗಗಳನ್ನು ಮಾರುವ ಅಂಗಡಿಯಲ್ಲಿ ಚಿಪ್ ಕೇಳಿದೆ.

"ಇದು ಒರಿಜಿನಲ್ಲೇನಪ್ಪಾ?"

ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು ನೋಡಿ, "ಒರಿಜಿನಲ್ ಅಂತ್ಲೇ ಬಂದಿರೋದು ಸಾ. ಅದ್ರ ಮನಸ್ಸಲ್ಲೇನಿದ್ಯೋ ನಾನೇನ್ ಕಂಡೆ," ಎಂದ. ಇಷ್ಟು ಪ್ರಾಮಾಣಿಕವಾದ ಗ್ಯಾರಂಟಿಯನ್ನು ನಾನು ಎಲ್ಲೂ ಕಂಡಿಲ್ಲ. ಕೊಂಡುಕೊಂಡೆ.

ಆ ಚಿಪ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ಅದಕ್ಕೆ ಅಗೌರವ. ಎಂಟು ಕಾಲಿನ ಕರಿಯ ಜೀವಿ, ಹುಣಸೆ ಬೀಜದಷ್ಟು ಗಾತ್ರ. ಪಕ್ಕದಲ್ಲಿ ಅಕ್ಕಿಕಾಳನ್ನು ಹೋಲುವ ಒಂದು ಪುಟ್ಟ ಲೋಹದ ಕೊಳವೆ, ಅದರೊಳಗೊಂದು ಹರಳು. ಹರಳು ಮಿಡಿಯುತ್ತದೆ, ಚಿಪ್ ಎಣಿಸುತ್ತದೆ. ಎಣಿಸಿ ಎಣಿಸಿ ಸೆಕೆಂಡು ಮಾಡಿ, ಸೆಕೆಂಡು ಕೂಡಿಸಿ ನಿಮಿಷ, ಗಂಟೆ, ವಾರ, ತಿಂಗಳು, ವರ್ಷ. ಒಂದನೆಯ ತರಗತಿಯಲ್ಲಿ ಕಲಿತಂತೆ ಹತ್ತರ ಅಂಕಿಯನ್ನೂ ಬಿಡಿಯ ಅಂಕಿಯನ್ನೂ ಬೇರೆ ಬೇರೆ ಮನೆಯಲ್ಲಿ ಬರೆದುಕೊಳ್ಳುವಷ್ಟು ಶಿಸ್ತು. ಫೆಬ್ರವರಿ ಯಾವ ವರ್ಷ ಉದ್ದ, ಯಾವ ವರ್ಷ ಗಿಡ್ಡ ಎಂಬುದೂ ಗೊತ್ತು. ಈ ಶತಮಾನ ಮುಗಿಯುವವರೆಗೂ ಆ ಲೆಕ್ಕ ತಪ್ಪುವುದಿಲ್ಲವಂತೆ. ಪರಿಶೀಲಿಸಲು ನಾನಿರುವುದಿಲ್ಲವಾದ್ದರಿಂದ ಮಾಡಿದವರ ಮಾತನ್ನೇ ನಂಬಿದ್ದೇನೆ.

ಗಡಿಯಾರದ ಜೊತೆಗೆ ಅದರೊಳಗೆ ಒಂದು ಚಿಕ್ಕ ನೆನಪಿನ ಕೋಣೆಯೂ ಇದೆ. ನಮಗೆ ಬೇಕಾದ ಕೆಲವು ಅಂಕಿಗಳನ್ನು ಅಲ್ಲಿ ಬರೆದಿಡಬಹುದು. ದೀಪ ಹತ್ತಬೇಕಾದ ದಿನವನ್ನೂ ಹೊತ್ತನ್ನೂ ನಾನು ಅಲ್ಲೇ ಇರಿಸಿದೆ. ಕರೆಂಟು ಇರುವಾಗ ಕರೆಂಟಿನಲ್ಲಿ ಬದುಕುತ್ತದೆ. ಕರೆಂಟು ಹೋದರೆ ನಾಣ್ಯದ ಆಕಾರದ ಒಂದು ಸೆಲ್ಲಿನಿಂದ ಗುಟುಕು ಗುಟುಕಾಗಿ ಕುಡಿದು ವರ್ಷಗಟ್ಟಲೆ ಕಾಲ ಹಾಕುತ್ತದೆ. ಆ ಸೆಲ್ಲೂ ಸತ್ತರೆ ಮಾತ್ರ ಮುಗಿಯಿತು. ನೆನಪಿನ ಕೋಣೆ ಅಳಿಸಿಹೋಗುತ್ತದೆ. ಗಡಿಯಾರ ಎರಡು ಸಾವಿರದ ಇಸವಿಯ ಜನವರಿ ಒಂದಕ್ಕೆ ಹೋಗಿ ನಿಂತುಬಿಡುತ್ತದೆ. ಮತ್ತೆ ನಡೆ ಎಂದು ಮೇಲಿನಿಂದ ಆದೇಶ ಬರುವವರೆಗೆ ಒಂದು ಹೆಜ್ಜೆ ಮುಂದಿಡುವುದಿಲ್ಲ. ಇಡೀ ಆಯುಷ್ಯ ನೌಕರಿ ಮಾಡಿದವನಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ.

ಒಂದು ಧರ್ಮಸಂಕಟ ಮಾತ್ರ ಉಳಿದಿತ್ತು. ಅಕಸ್ಮಾತ್ ಚಿಪ್ಪಿಗೆ ಹೊತ್ತು ತಿಳಿಯದೆ ಹೋದರೆ ದೀಪ ಹತ್ತಬೇಕೋ, ಆರಿರಬೇಕೋ? ಇದು ಬೆಸುಗೆ ಹಾಕುವವನು ತೀರ್ಮಾನಿಸುವ ವಿಷಯವಲ್ಲವೆಂದು ತಂಗಿಗೇ ಫೋನು ಮಾಡಿದೆ.

"ಗೊತ್ತಿಲ್ಲ ಅಂದ್ಮೇಲೆ ತೆಪ್ಪಗಿರ್ಬೇಕು ತಾನೆ?" ಎಂದಳು. "ಕತ್ಲೇಲೇ ಇರ್ಲಿ. ಆದ್ರೆ ಗೊತ್ತಿಲ್ಲ ಅಂತ ಬಾಯ್ಬುಟ್ಟು ಹೇಳ್ಲಿ. ನಮ್ಮೋರ ತರ ಗೊತ್ತಿರೋ ಅಂಗೆ ನಿಂತ್ಕಬಾರ್ದು."

ನಮ್ಮೋರು ಎಂದರೆ ಅವಳ ಗಂಡನೋ, ಅಣ್ಣನೋ ಎಂದು ನಾನು ವಿಚಾರಿಸಲಿಲ್ಲ. ಒಂದು ಬಜರ್ ಸೇರಿಸಿದೆ. ಹೊತ್ತು ಮರೆತರೆ ದೀಪ ಆರಿರುತ್ತದೆ, ಬಜರ್ ಕೀರಲು ದನಿಯಲ್ಲಿ ಕೂಗುತ್ತದೆ. ಆಮೇಲೆ ಚಿಪ್, ಸೆಲ್ಲು, ಪುಟ್ಟ ಪರದೆ, ಬಜರ್ ಎಲ್ಲವನ್ನೂ ಕೂರಿಸಿದ ಬೋರ್ಡಿಗೆ ವಾರವಿಡೀ ಪರೀಕ್ಷೆ. ಬೇಕೆಂದಾಗ ಪ್ಲಗ್ಗು ಕಿತ್ತೆ, ಸಿಕ್ಕಿಸಿದೆ, ಮತ್ತೆ ಕಿತ್ತೆ. ಒಮ್ಮೆ ಇಡೀ ದಿನ ಕರೆಂಟಿಲ್ಲದೆ ಅಲಮಾರಿಯಲ್ಲಿ ಬಿಸಾಕಿದೆ. ಏನು ಮಾಡಿದರೂ ಸರಿಯಾದ ಹೊತ್ತನ್ನೇ ಹೇಳಿತು. ನನ್ನ ಕೈಯಲ್ಲಿ ಇಷ್ಟು ಸಲೀಸಾಗಿ ಪಾಸಾದ ವಿದ್ಯಾರ್ಥಿ ಇನ್ನೊಬ್ಬನಿಲ್ಲ.

ಮೊಟ್ಟೆ ಒಡೆಯುವ ಹಿಂದಿನ ದಿನ ಬೋರ್ಡನ್ನು ಟವೆಲ್ಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೊರಟೆ. ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ಎಲ್ಲರಂತೆ ನಾನೂ ವಡೆ ಕಟ್ಟಿಸಿಕೊಂಡೆ. ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ಬೋರ್ಡು ಮಡಿಲಲ್ಲಿ, ವಡೆ ಕಾಲ ಬಳಿ. ಪಕ್ಕದವರು ಮಡಿಲಲ್ಲೇನೆಂದು ಕೇಳಿದರು. ಗಡಿಯಾರ ಎಂದೆ. ಮುಳ್ಳೆಲ್ಲಿ ಎಂದರು. ಉತ್ತರ ಹೇಳುವಷ್ಟರಲ್ಲಿ ಅವರ ಊರು ಬಂತು.

ತಂಗಿಯ ಮನೆ ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ಹುಳುವಿನ ಮನೆ ಹಿತ್ತಲಲ್ಲಿ ಬೇರೆಯೇ ಇದೆ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಬಿಗಿದು ಬಾಗಿಲು ಮುಚ್ಚಿತ್ತು. ಬಾಗಿಲ ಹೊರಗೆ ದೀಪದ ಸ್ವಿಚ್ಚು, ಅದರ ಪಕ್ಕ ನನ್ನ ಬೋರ್ಡು ಕೂರಬೇಕಾದ ಡಬ್ಬಿ. ನಾನು ಅತ್ತ ಹೆಜ್ಜೆ ಇಟ್ಟದ್ದೇ ತಂಗಿ ಮೂಗು ಅರಳಿಸಿದಳು.

"ಪೌಡ್ರು ಹಾಕ್ಕಂಡಿದ್ದೀಯಾ?"

"ಸ್ವಲ್ಪ."

"ಹುಳುಗೆ ಆಗಕಿಲ್ಲ. ಹೋಗು, ಮಖ ಕೈಕಾಲು ತೊಳ್ಕಂಡು ಊಟ ಮಾಡಿ ಒಂದ್ ಗಳಿಗೆ ಒರಗು. ಸಂಜೆ ಸಿಕ್ಕಿಸೀವಂತೆ."

ಬೋರ್ಡನ್ನು ಟವೆಲ್ಲಿನ ಮೇಲೆ ಬಿಡಿಸಿಟ್ಟು, ಉಂಡು, ಅಂಗಳದ ಕಡೆಯ ಜಗುಲಿಯಲ್ಲಿ ಒರಗಿದೆ. ಬಸ್ಸಿನ ಕುಲುಕಾಟಕ್ಕೆ ಚೆನ್ನಾಗಿ ನಿದ್ದೆ ಹತ್ತಿತು. ಎದ್ದು ನೋಡಿದರೆ ಬೋರ್ಡು ಇಟ್ಟ ಜಾಗದಲ್ಲೇ ಇತ್ತು. ಎತ್ತಿಕೊಂಡು ಹೋಗಿ, ಡಬ್ಬಿಗೆ ಕೂರಿಸಿ, ಸ್ಕ್ರೂ ಬಿಗಿದು, ಅಕ್ಕಪಕ್ಕದಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಖಚಿತಪಡಿಸಿಕೊಂಡು, ಘನತೆಯಿಂದ ಸ್ವಿಚ್ಚು ಒತ್ತಿದೆ.

ಬಜರ್ ಕೀರಿಟ್ಟಿತು.

ಪರದೆಯ ಮೇಲೆ ಎರಡು ಸಾವಿರದ ಇಸವಿ, ಜನವರಿ ಒಂದು, ಗಂಟೆ ಸೊನ್ನೆ, ನಿಮಿಷ ಸೊನ್ನೆ. ನೆನಪಿನ ಕೋಣೆ ಗುಡಿಸಿ ಸಾರಿಸಿದಷ್ಟು ಖಾಲಿ.

"ಏನಂತದೆ?" ಎಂದಳು ತಂಗಿ.

"ಗೊತ್ತಿಲ್ಲ ಅಂತದೆ."

ಅವಳ ಮುಖ ನೋಡಿದೆ. ಒಳಗೆ ಕತ್ತಲಲ್ಲಿ ರೈತರ ಮೊಟ್ಟೆಗಳೆಲ್ಲ ಹಾಳೆ ಹಾಳೆಯಾಗಿ ಕಾದಿವೆ. ಬೆಳಗಾದರೆ ಬೆಳ್ಳೂರಿನ ಕಡೆಯ ಹಿರಿಯರು ಬರುತ್ತಾರೆ. ವಾರವಿಡೀ ತಪ್ಪದ ಬೋರ್ಡು ಒಂದು ನಿದ್ದೆಯಲ್ಲಿ ಎಲ್ಲ ಮರೆತಿದ್ದು ಹೇಗೆ? ಬಿಚ್ಚಿ ಕೈಗೆತ್ತಿಕೊಂಡೆ. ಬೆಸುಗೆ ಬಿಟ್ಟಿಲ್ಲ, ಹರಳು ಅಲ್ಲಾಡಿಲ್ಲ. ಚೀಲದಲ್ಲಿ ತಂದಿದ್ದ ಮೀಟರನ್ನು ಸೆಲ್ಲಿಗೆ ಹಿಡಿದರೆ ಮುಳ್ಳು ಎದ್ದೇಳುವ ಮನಸ್ಸೇ ಮಾಡಲಿಲ್ಲ. ಬೋರ್ಡನ್ನು ತಿರುಗಿಸಿದೆ. ಹಿಂಬದಿಯಲ್ಲಿ, ಬೆಸುಗೆಯ ತುದಿಗಳ ನಡುವೆ, ಅರಿಶಿನ. ಒಂದು ಮೂಲೆಯಲ್ಲಿ ಕುಂಕುಮದ ಬೊಟ್ಟು. ಸೆಲ್ಲಿನ ಸಂದಿಯಲ್ಲಿ ತುಂಬೆ ಹೂವಿನ ಒಂದು ಎಸಳು.

"ಅವ್ವಾ," ಎಂದು ತಂಗಿಯ ಅತ್ತೆಯನ್ನು ಕರೆದೆ, "ಇದನ್ನ ಯಾರಾದ್ರೂ ಎತ್ಕೊಂಡಿದ್ರಾ?"

ಅವರು ಒಳಗಿನಿಂದ ತೃಪ್ತಿಯ ಮುಖ ಹೊತ್ತು ಬಂದರು. "ನಾನೇ ಕಣಪ್ಪ. ನೀನ್ ಮಲ್ಗಿದ್ದಲ್ಲ, ಯಾಕ್ ಎಬ್ಬುಸ್ಬೇಕು ಅಂತ. ಹೊಸ ಮಿಸಿನ್ನು, ಹುಳಿನ ಮನೆ ಬಾಗ್ಲಿಗೆ ಬರ್ತಾದೆ, ಹಂಗೇ ಕೂರ್ಸಕ್ಕಾದದಾ? ಹಿತ್ತಾಳೆ ತಟ್ಟೇಲಿ ಮಡಗಿ, ದೇವ್ರ ಮುಂದೆ ಇಟ್ಟು, ಹೊತ್ತಾರೆತಂಕ ಒಳ್ಳೇದ್ ಮಾಡಪ್ಪ ಅಂತ ಕೈ ಮುಗ್ದೆ. ಆಮ್ಯಾಕೆ ಇದ್ದಂಗೇ ತಂದು ಮಡಗಿವ್ನಿ. ಗಂಧದ ಕಡ್ಡಿ ಹಚ್ಚಿಲ್ಲ, ಹುಳುಗೆ ಹೊಗೆ ಆಗಕಿಲ್ಲ ಅಂತ ನಂಗೂ ಗೊತ್ತು."

ಹೊಗೆಯ ವಿಷಯದಲ್ಲಿ ಅವರು ತೋರಿದ ಎಚ್ಚರಕ್ಕೆ ಯಾರೂ ಬೆರಳು ತೋರುವಂತಿರಲಿಲ್ಲ. ಸೆಲ್ಲಿನ ಎರಡು ತುದಿಗಳೂ ಬೋರ್ಡಿನ ಅಡಿಯಲ್ಲಿ ಬರಿಯ ಕಾಲಲ್ಲಿ ನಿಂತಿದ್ದವು. ಹಿತ್ತಾಳೆ ತಟ್ಟೆ ಎರಡನ್ನೂ ಒಂದು ಮಾಡಿ, ವರ್ಷಗಟ್ಟಲೆ ಬರಬೇಕಾದ ಶಕ್ತಿಯನ್ನು ಒಂದು ಮಧ್ಯಾಹ್ನಕ್ಕೇ ಹೀರಿಬಿಟ್ಟಿತ್ತು. ತಟ್ಟೆ ಸ್ವಲ್ಪ ಬೆಚ್ಚಗಾಗಿರಲೂಬಹುದು. ಅವರು ಅದನ್ನು ಪ್ರಸನ್ನತೆಯ ಗುರುತೆಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಇದನ್ನು ನಾನು ಆದಷ್ಟು ಮೆತ್ತಗೆ ವಿವರಿಸಿದೆ. ಅತ್ತೆ ಕೇಳಿಸಿಕೊಂಡು, "ಅಯ್ಯೋ ಸಿವ್ನೆ, ಬಾಳೆ ಎಲೆ ಮ್ಯಾಲೆ ಮಡಗ್ಬೇಕಾಗಿತ್ತಾ?" ಎಂದರು. ಶಾಸ್ತ್ರವೂ ವಿದ್ಯುಚ್ಛಾಸ್ತ್ರವೂ ಒಪ್ಪುವ ಮಾರ್ಗ ಅದೇ ಆಗಿತ್ತು. ತಂಗಿಗೆ ನಗು ಬರಲಿಲ್ಲ.

"ಈಗೇನ್ ಮಾಡೋದು ಹೇಳಣ್ಣಯ್ಯ." ನಸುಕಿನಲ್ಲಿ ನಾನೇ ಎದ್ದು ಸ್ವಿಚ್ಚು ಒತ್ತುತ್ತೇನೆ ಎಂದೆ; ಮಧ್ಯಾಹ್ನದ ನನ್ನ ನಿದ್ದೆಯನ್ನು ಕಂಡಿದ್ದ ಅವಳು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಅವಳ ಗಂಡ ಬೈಕಿನಲ್ಲಿ ಹಲಗೂರಿಗೆ ಹೋಗಿ ಅಂಗಡಿ ಅಂಗಡಿ ತಿರುಗಿ ಬಂದ. ತಂದದ್ದು ಕೈಗಡಿಯಾರಕ್ಕೆ ಹಾಕುವ ಸೆಲ್ಲು, ಗುಂಡಿಯಷ್ಟೇ ದೊಡ್ಡದು, ನಮ್ಮದಕ್ಕೆ ಕೂರುವುದಿಲ್ಲ. ಟಿವಿ ರಿಮೋಟಿನ ಎರಡು ಪೆನ್ಸಿಲ್ ಸೆಲ್ಲನ್ನು ಸಾಲಾಗಿ ಜೋಡಿಸಿ ತಂತಿಯಲ್ಲಿ ಕಟ್ಟಿದರೂ ಆಗುತ್ತದೆ ಎಂದೆ. ಬೆಸುಗೆ ಕಡ್ಡಿ ಮಂಡ್ಯದ ಊಟದ ಮೇಜಿನ ಮೇಲಿತ್ತು; ತಂತಿ ಹೊಸೆದು ಕಟ್ಟುವುದು ಅಷ್ಟು ಗಟ್ಟಿಯಲ್ಲ, ಆದರೂ ನೋಡೋಣ ಎಂದೆ. ರಿಮೋಟು ಎಂಬ ಮಾತು ಕಿವಿಗೆ ಬಿದ್ದದ್ದೇ ಅತ್ತೆ ಎದ್ದು ನಿಂತರು.

"ರಿಮೋಟು ಮುಟ್ಬ್ಯಾಡ್ರಪ್ಪ! ಧಾರಾವಾಹಿ ಸುರುವಾಗೋ ಹೊತ್ತು. ಇವತ್ತು ಅವ್ಳಿಗೆ ನಿಜ ಗೊತ್ತಾಯ್ತದೆ."

"ಅತ್ತೆಮ್ಮಾ," ತಂಗಿ ಹಲ್ಲು ಕಚ್ಚಿ ಹೇಳಿದಳು, "ಕೇಂದ್ರ ಮುಚ್ಚೋಯ್ತದೆ, ಧಾರಾವಾಹಿ ನೋಡ್ತೀಯಾ?"

"ಮುಚ್ಚಕ್ಕೆ ಬುಡ್ತೀನಾ ನಾನು? ಸುಮ್ಕಿರು," ಎಂದು ಒಳಗೆ ಹೋದವರು, ತಮ್ಮ ಸಕ್ಕರೆ ಕಾಯಿಲೆಗೆ ಬೆರಳು ಚುಚ್ಚಿ ರಕ್ತ ನೋಡುವ ಚಿಕ್ಕ ಮಿಷನ್ನು ತಂದು ನನ್ನ ಕೈಗಿಟ್ಟರು. "ಇದ್ರಲ್ಲೂ ಅಂಗೇ ಬಿಲ್ಲೆ ತರ ಒಂದದೆ. ಮೊನ್ನೆ ಹಾಕುಸ್ದಾಗ ನಾನೇ ನೋಡ್ದೆ."

ಬೆನ್ನಿನ ಮುಚ್ಚಳ ಸರಿಸಿದೆ. ಅದೇ ಅಳತೆ, ಅದೇ ಬಿಲ್ಲೆ. ಮೀಟರಿನ ಮುಳ್ಳು ಸಲಾಮು ಹೊಡೆದ ಹಾಗೆ ಎದ್ದು ನಿಂತಿತು. ನನ್ನ ಎದೆಯಿಂದ ಒಂದು ಚಪ್ಪಡಿ ಇಳಿಯಿತು.

"ಅವ್ವಾ, ನಿಮ್ಮ ಸಕ್ಕರೆ ನೋಡೋದು?"

"ಎರಡ್ ದಿನ ನೋಡ್ದಿದ್ರೆ ಎಲ್ಲಿಗ್ ಓಯ್ತದೆ? ಇರ್ಲಿ ಬುಡಪ್ಪ," ಎಂದರು. ಧ್ವನಿಯಲ್ಲಿ ತ್ಯಾಗಕ್ಕಿಂತ ಬಿಡುಗಡೆಯೇ ಹೆಚ್ಚಿತ್ತು. ಪಾಪ, ಒಂದು ಮದ್ದೂರು ವಡೆಯನ್ನು ಆಗಲೇ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದ್ದರು.

ಅರಿಶಿನವನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ತೆಗೆದು, ಸೆಲ್ಲು ಕೂರಿಸಿ, ಚಿಪ್ಪಿಗೆ ನಡೆ ಎಂದು ಆದೇಶ ಕೊಟ್ಟೆ. ಹೊತ್ತು ಹೇಳಿಕೊಡುವಾಗ ಅತ್ತೆ ಗೋಡೆಯ ಗಡಿಯಾರ ತೋರಿಸಿದರು. ಬಸ್ಸು ತಪ್ಪದಿರಲೆಂದು ಆ ಮನೆಯ ಗಡಿಯಾರವನ್ನು ಯಾವಾಗಲೂ ಮುಂದಿಟ್ಟಿರುತ್ತಾರೆ. ಎಷ್ಟು ಮುಂದೆ ಎನ್ನುವುದರಲ್ಲಿ ಮನೆಯವರಲ್ಲೇ ಒಮ್ಮತವಿಲ್ಲ. ನಾನು ಫೋನು ನೋಡಿಕೊಂಡು ಹೊತ್ತು ಹೇಳಿದೆ. ಬಜರ್ ಬಾಯಿ ಮುಚ್ಚಿತು. ದೀಪದ ದಿನ, ದೀಪದ ಹೊತ್ತು ಎರಡನ್ನೂ ನೆನಪಿನ ಕೋಣೆಗೆ ಮತ್ತೆ ಬರೆದೆ. ಡಬ್ಬಿ ಮುಚ್ಚಿದೆ. ಅಷ್ಟರಲ್ಲಿ, ಇದಕ್ಕೇ ಕಾದು ಕೂತಿದ್ದಂತೆ, ಕರೆಂಟು ಹೋಯಿತು.

ಧಾರಾವಾಹಿಯ ಅವಳಿಗೆ ನಿಜ ಗೊತ್ತಾಯಿತೋ ಇಲ್ಲವೋ ನಮಗೆ ತಿಳಿಯಲಿಲ್ಲ. ಕರೆಂಟು ಮತ್ತೆ ಬಂದಾಗ ನಾನೂ ತಂಗಿಯೂ ಒಂದೇ ಸಲ ಡಬ್ಬಿಯ ಮುಂದೆ ನಿಂತಿದ್ದೆವು. ಪರದೆ ಬೆಳಗಿತು. ಹೊತ್ತು ನನ್ನ ಫೋನಿನ ಹೊತ್ತಿಗೆ ಸರಿಯಾಗಿತ್ತು. ತಂಗಿ ನನಗೆ ಕಾಫಿ ಕಾಯಿಸಲು ಅಡುಗೆಮನೆಗೆ ಹೋದಳು. ಅವಳ ಭಾಷೆಯಲ್ಲಿ ಅದು ಪ್ರಶಂಸೆ.

ಬೆಳಗಿನ ಜಾವ ಅವರಿಬ್ಬರೂ ಸೊಪ್ಪಿಗೆ ಹೋದರು. ಬಾಗಿಲು ಯಾರೂ ತೆರೆಯದಂತೆ ಕಾಯುವ ಕೆಲಸ ನನ್ನದು. ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತೆ. ನನ್ನ ಪಕ್ಕದಲ್ಲಿ ಅತ್ತೆ ಬಂದು ಕೂತರು, ನನ್ನನ್ನು ಕಾಯಲೆಂದು. ಡಬ್ಬಿಯೊಳಗೆ ಟಿಕ್ ಎಂದು ಒಂದು ಚಿಕ್ಕ ಸದ್ದಾಯಿತು. ಬಾಗಿಲ ಅಡಿಯ ಸಂದಿಯಲ್ಲಿ ಎಳೆಯ ಗೆರೆಯಂತೆ ಬೆಳಕು ಬಂತು.

"ಹತ್ತಿತಾ?" ಅತ್ತೆ ಪಿಸುಗುಟ್ಟಿದರು.

"ಹತ್ತಿತು."

"ನೋಡಾನಾ ಒಸಿ?"

"ಬೇಡವ್ವಾ."

"ನಾನೂ ಬ್ಯಾಡ ಅಂತ್ಲೇ ಹೇಳಿದ್ದು," ಎಂದು ಸೆರಗು ಹೊದ್ದುಕೊಂಡರು.

ಸೂರ್ಯ ಏರಿ, ಸೊಪ್ಪಿನ ಹೊರೆ ಬಂತು. ಅದರ ಹಿಂದೆಯೇ ಬೆಳ್ಳೂರಿನ ಕಡೆಯ ಹಿರಿಯರೂ ಬಂದು ಬೈಕಿನಿಂದ ಇಳಿದರು. ತಂಗಿ ಕೈಕಾಲು ತೊಳೆದು, ಬಾಗಿಲು ತೆರೆದು ಒಳಗೆ ಹೋದಳು. ಹಿರಿಯರು ನನ್ನನ್ನು ನೋಡಿದರು. ನಾನು ಡಬ್ಬಿಯನ್ನು ನೋಡಿದೆ. ಡಬ್ಬಿಗೆ ನೋಡಲು ಯಾರೂ ಇರಲಿಲ್ಲ.

"ಬನ್ನಿ," ಎಂದು ಒಳಗಿನಿಂದ ಕರೆದಳು.

ಹಿರಿಯರು ಔಷಧಿ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋದರು. ನಾನು ಹೊಸ್ತಿಲಿನಿಂದಲೇ ಕತ್ತು ಚಾಚಿದೆ. ಟ್ರೇಗಳ ಮೇಲಿನ ಹಾಳೆಗಳು ಕಪ್ಪಗಾಗಿ ಮಿಸುಕುತ್ತಿದ್ದವು. ಕತ್ತರಿಸಿದ ಕೂದಲಿನ ಚೂರುಗಳಿಗೆ ಜೀವ ಬಂದಂತೆ ಸಾವಿರಾರು ಹುಳು. ಒಡೆಯದೆ ಉಳಿದದ್ದನ್ನು ಹಿರಿಯರು ಹುಡುಕಿದರು, ಕನ್ನಡಕ ಏರಿಸಿ ಹುಡುಕಿದರು, ಹಾಳೆ ಎತ್ತಿ ಬೆಳಕಿಗೆ ಹಿಡಿದು ಹುಡುಕಿದರು. ತಪ್ಪು ಹುಡುಕುವುದಕ್ಕೆಂದೇ ದೂರದಿಂದ ಬಂದವರಿಗೆ ಬರಿಗೈಯಲ್ಲಿ ನಿಲ್ಲುವುದು ಕಷ್ಟ.

"ಯಾವ ಜಾದೂ ಮಾಡ್ದೆ ತಾಯಿ?"

"ನಾನೇನೂ ಮಾಡ್ನಿಲ್ಲ. ಯಾರ್ನೂ ಇಣುಕಕ್ಕೆ ಬುಡ್ನಿಲ್ಲ ಅಷ್ಟೇಯ."

"ಹೂಂ." ಅವರು ಹೊರಗೆ ಬಂದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಮುಂದಿನ ಬೆಳೆಗೂ ನನ್ದು ಇಲ್ಲೇ ಇರ್ಲಿ. ಆಮ್ಯಾಕೆ ನೋಡು, ಆ ಕಡೀಕ್ ಹೋದೋರು ಇಬ್ರು ನನ್ ಮಾತ್ ಕೇಳೋರವ್ರೆ. ಅವ್ರಿಗೂ ಹೇಳ್ತೀನಿ."

ಅವರ ಬೈಕಿನ ಸದ್ದು ಹಿಪ್ಪುನೇರಳೆ ತೋಟದ ತಿರುವಿನಲ್ಲಿ ಮರೆಯಾಗುವವರೆಗೂ ತಂಗಿ ಬಾಗಿಲಿಗೆ ಕೈ ಊರಿ ನಿಂತೇ ಇದ್ದಳು. ಅತ್ತೆ ತಟ್ಟೆಯಲ್ಲಿ ರಾಗಿರೊಟ್ಟಿ, ಕಾಯಿ ಚಟ್ನಿ ತಂದು ಅವಳ ಮುಂದಿಟ್ಟು, "ನೆನ್ನೆ ಮಧ್ಯಾನ್ದಿಂದ ಒಂದ್ ತುತ್ತು ತಿಂದಿಲ್ಲ ಕಣಪ್ಪ ಇವ್ಳು," ಎಂದು ನನಗೆ ದೂರು ಕೊಟ್ಟರು. ತಂಗಿ ಮೆಟ್ಟಿಲ ಮೇಲೆ ಕುಸಿದು ಕೂತು, ರೊಟ್ಟಿ ಮುರಿದು ಬಾಯಿಗಿಟ್ಟಳು. ಅಗಿಯುತ್ತಾ ಅಗಿಯುತ್ತಾ ಕಣ್ಣು ತುಂಬಿತು. ಖಾರ ಜಾಸ್ತಿಯಾಗಿದೆ ಎಂದು ಅತ್ತೆಯನ್ನು ಬೈದಳು. ಅತ್ತೆ ಇನ್ನೊಂದು ರೊಟ್ಟಿ ತರಲು ಒಳಗೆ ಹೋದರು.